ಮಾಯಾವೇಷ ಏನನ್ನು ಮರೆಸಬಾರದು?

ಪ್ರಶ್ನೆ: ನಾವು ಪುಣೆಯ ವಾಕಡ್‌ನಲ್ಲಿರುವ ನಾಲ್ವರು ಕನ್ನಡಿಗರು. ಹಗಲು ಐಟಿ ಕೆಲಸ, ರಾತ್ರಿ ಒಂದು ಆನ್‌ಲೈನ್ ಫ್ಯಾಂಟಸಿ ಆಟ ಕಟ್ಟುತ್ತಿದ್ದೇವೆ. ಕೊಂಕಣ ಕರಾವಳಿಯನ್ನು ನೆನಪಿಸುವ ಬಂದರು ನಗರ, ಮೂರು ಕುಲ: ಬಂದರಿನ ಮನುಷ್ಯರು, ಘಟ್ಟದ ದೈತ್ಯರು, ಕಡಲ ನಾಗರು. ಒಂದು ಕುಲದವರು ಇನ್ನೊಂದು ಕುಲದ ರೂಪ ತಾಳುವ ಮಂತ್ರವೂ ಇದೆ. ಆಡಿ ನೋಡಿದ ಗೆಳೆಯರು ಕೇಳುವುದು ಎರಡೇ ಪ್ರಶ್ನೆ. ಇಂಥ ಮಂತ್ರ ಇದ್ದಮೇಲೆ ನಾಗರು ರಾಜನ ರೂಪ ತಾಳಿ ಎಂದೋ ಗದ್ದುಗೆ ಏರಬೇಕಿತ್ತಲ್ಲ? ಕಾವಲುಗಾರ ಒಮ್ಮೆ ಹಿಡಿಯುತ್ತಾನೆ, ಒಮ್ಮೆ ಬಿಡುತ್ತಾನೆ, ಯಾಕೆ? ಇದರ ಜೊತೆಗೆ ಆಟದ ಅಂಗಡಿಯಲ್ಲಿ ಸ್ಕಿನ್ (ಪಾತ್ರದ ನೋಟ ಬದಲಿಸುವ ಉಡುಪು) ಮಾರುವ ಯೋಚನೆಯೂ ಇದೆ. ಲೋರ್, ಅಂದರೆ ಆಟದ ಲೋಕದ ಕಥೆ ಮತ್ತು ಚರಿತ್ರೆ, ಕೆಡದಂತೆ ಇದೆಲ್ಲವನ್ನೂ ಹೇಗೆ ಕೂಡಿಸುವುದು?

ಉತ್ತರ: ನಿಮ್ಮ ಮಂತ್ರ ಏನೇನನ್ನು ಬದಲಿಸುತ್ತದೆ ಎಂದು ನೀವು ಬರೆದಿಟ್ಟುಕೊಂಡಿರುತ್ತೀರಿ. ಏನನ್ನು ಬದಲಿಸಲಾರದು ಎಂದು ಬರೆದಿರಲಿಕ್ಕಿಲ್ಲ. ಗೆಳೆಯರ ಎರಡೂ ಪ್ರಶ್ನೆ ಹುಟ್ಟಿರುವುದು ಆ ಎರಡನೇ ಪಟ್ಟಿ ಇಲ್ಲದ್ದರಿಂದ. ಅದನ್ನು ಮೊದಲು ಮಾಡಿ. ಲೋರ್ ಪುಸ್ತಕದಲ್ಲಿ ಅದಕ್ಕೆ ಒಂದು ಪುಟ ಸಾಕು, ಆದರೆ ಆಟದ ಉಳಿದ ಎಲ್ಲ ನಿಯಮವೂ ಆ ಪುಟಕ್ಕೆ ಬದ್ಧವಾಗಿರಬೇಕು.

ಮೊದಲ ತೀರ್ಮಾನ: ವೇಷ ಇರುವುದು ನೋಡುವವನ ಕಣ್ಣಲ್ಲೋ, ಹಾಕಿದವನ ಮೈಯಲ್ಲೋ? ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿ ಇವೆರಡನ್ನೂ ಬೇರೆ ಬೇರೆ ಮಂತ್ರವಾಗಿಯೇ ಇಟ್ಟಿದೆ. 'ಡಿಸ್‌ಗೈಸ್ ಸೆಲ್ಫ್' ಒಂದನೇ ಹಂತದ್ದು, ಬರೀ ಭ್ರಮೆ, 1 ಗಂಟೆ ನಿಲ್ಲುತ್ತದೆ, ಎತ್ತರವನ್ನು 1 ಅಡಿಗಿಂತ ಹೆಚ್ಚು ಏರಿಳಿಸುವುದಿಲ್ಲ. ಭ್ರಮೆಯ ಟೋಪಿಯನ್ನು ಮುಟ್ಟಲು ಹೋದರೆ ಕೈ ಅದರೊಳಗೆ ತೂರಿಹೋಗುತ್ತದೆ. 'ಆಲ್ಟರ್ ಸೆಲ್ಫ್' ಎರಡನೇ ಹಂತದ್ದು, ಮೈಯೇ ಬದಲಾಗುತ್ತದೆ, ಆದರೆ ಗಮನ ಕದಲಿದರೆ ಮುಗಿಯಿತು. ಮುಟ್ಟಿದರೆ ಸಿಕ್ಕಿಬೀಳುವುದು ಒಂದು, ಗಮನ ತಪ್ಪಿದರೆ ಕಳಚುವುದು ಇನ್ನೊಂದು. ಎರಡಕ್ಕೂ ದೌರ್ಬಲ್ಯ ಇದೆ, ಅದೂ ಬೇರೆ ಬೇರೆ ಜಾಗದಲ್ಲಿ.

ನಿಮ್ಮ ಆಟದಲ್ಲೂ ಎರಡು ಹೆಸರಿಡಿ. ಆಟಗಾರರ ಕೈಗೆ ಸಿಗುವುದು 'ಮುಸುಕು', ಅಂದರೆ ಭ್ರಮೆ. ಮೈಯೇ ಬದಲಾಗುವ 'ರೂಪಾಂತರ' ಕಥೆಯ ಒಂದಿಬ್ಬರು ದೊಡ್ಡ ಪಾತ್ರಗಳಿಗೆ ಮಾತ್ರ ಮೀಸಲು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಸ್ಟಾರ್ಮ್‌ವಿಂಡ್ ನಗರದ ದರ್ಬಾರಿನಲ್ಲಿ ಲೇಡಿ ಕಟ್ರಾನಾ ಪ್ರೆಸ್ಟರ್ ಎಂಬ ಹೆಂಗಸಾಗಿ ಕೂತಿದ್ದವಳು ಒನಿಕ್ಸಿಯಾ ಎಂಬ ಕಪ್ಪು ಡ್ರಾಗನ್. ಊರಿಗೆ ಊರೇ ಮೋಸಹೋದರೂ ಅದು ಕಥೆಯ ತೂತಾಗಿ ಕಾಣುವುದಿಲ್ಲ. ಅಂಥ ಶಕ್ತಿ ಡ್ರಾಗನ್‌ಗಳದ್ದು ಎಂದು ಮೊದಲೇ ತಿಳಿದಿದೆ, ಹಾದಿಬೀದಿಯ ಮಂತ್ರವಾದಿಗೆ ಅದು ದಕ್ಕುವುದಿಲ್ಲ. ಅವಳ ಗುಟ್ಟು ದರ್ಬಾರಿನಲ್ಲೇ ಬಯಲಾಗುವ ಕ್ವೆಸ್ಟ್ (ಆಟಗಾರ ಮಾಡಿ ಮುಗಿಸಬೇಕಾದ ಕಥೆಯ ಕೆಲಸ) ಇತ್ತು. ಆಗ ಸುತ್ತ ನಿಂತ ಕಾವಲುಗಾರರೂ ಡ್ರಾಗನ್ ಕುಲದವರಾಗಿ ಮಾರ್ಪಡುತ್ತಿದ್ದರು. ಇದೇ ಶಕ್ತಿಯನ್ನು ಎಲ್ಲ ಆಟಗಾರರಿಗೂ ಹಂಚಿದ್ದರೆ ಆ ದೃಶ್ಯಕ್ಕೆ ಕಾಸಿನ ಬೆಲೆ ಇರುತ್ತಿರಲಿಲ್ಲ.

ಎರಡನೆಯದು, ಮುಸುಕು ಯಾವ ಲೆಕ್ಕವನ್ನು ಮುಟ್ಟುತ್ತದೆ ಎಂಬುದು. ಇದಕ್ಕೆ ಎವರ್‌ಕ್ವೆಸ್ಟ್‌ನಿಂದ ಇವತ್ತಿಗೂ ಕಲಿಯುವುದಿದೆ. 1999ರ ಮಾರ್ಚ್‌ನಲ್ಲಿ ಬಂದ ಆ ಆಟದಲ್ಲಿ ಎನ್‌ಚಾಂಟರ್ ಎಂಬ ಮಂತ್ರವಾದಿಗಳಿಗೆ ಬೇರೆ ಜನಾಂಗದ ರೂಪ ತಾಳುವ ಮಂತ್ರಗಳಿದ್ದವು. ಒಂದು ಊರಿನವರು ನಿಮ್ಮನ್ನು ಹೇಗೆ ಕಾಣುತ್ತಾರೆ ಎಂಬುದು ಜನಾಂಗ, ವೃತ್ತಿ, ನಂಬುವ ದೇವರು, ಹಿಂದೆ ಮಾಡಿದ ಕೆಲಸ ಎಲ್ಲ ಸೇರಿದ ಅಂಕ. ವೇಷ ಬದಲಿಸುತ್ತಿದ್ದುದು ಜನಾಂಗದ ಅಂಕವೊಂದನ್ನೇ. ಮುಖ ಬದಲಾದರೂ ದೇವರು ಅದೇ, ಹಳೆಯ ಪಾಪವೂ ಅದೇ.

ಇದನ್ನು ನಿಮ್ಮ ಬಂದರಿಗೆ ಇಳಿಸಿದರೆ ಹೀಗಾಗುತ್ತದೆ. ಕಾವಲುಗಾರನ ದೃಷ್ಟಿಯಲ್ಲಿ ನಾಗ ಕುಲಕ್ಕೆ −40, ಮನುಷ್ಯ ಕುಲಕ್ಕೆ +20. ಕಳ್ಳಸಾಗಣೆ ವೃತ್ತಿಗೆ −10, ಕಡಲ ದೇವತೆಯ ಭಕ್ತಿಗೆ −20, ಹಿಂದೆ ಮಾಡಿದ ಒಂದು ಉಪಕಾರಕ್ಕೆ +5. ಮೊತ್ತ −50ಕ್ಕಿಂತ ಕೆಳಗಿಳಿದರೆ ಕತ್ತಿ ಎತ್ತುತ್ತಾನೆ, 0ಗಿಂತ ಕೆಳಗಿದ್ದರೆ ವ್ಯಾಪಾರ ಇಲ್ಲ. ಮುಸುಕಿಲ್ಲದ ನಾಗನಿಗೆ −65, ನೇರ ಹೊಡೆದಾಟ. ಮುಸುಕು ಹಾಕಿದರೆ −5. ಒಳಗೆ ಬಿಡುತ್ತಾರೆ, ಆದರೆ ಅಂಗಡಿಯವ ಮುಖ ತಿರುಗಿಸುತ್ತಾನೆ. ವೇಷ ಹಾಕಿದ ಆಟಗಾರ ಈಗ ಊರೊಳಗೆ ಇದ್ದಾನೆ, ಆದರೆ ಊರಿನವನಾಗಿಲ್ಲ. ಆ ಇಕ್ಕಟ್ಟಿನಲ್ಲೇ ಆಟ ಹುಟ್ಟುತ್ತದೆ. ಮುಸುಕು ಹಾಕಿದೊಡನೆ ಮೊತ್ತ +75 ಮಾಡಿಬಿಡುವ ಆಟಗಳಲ್ಲಿ ವೇಷವೆಂದರೆ ಒಂದು ಬಾಗಿಲ ಕೀಲಿ, ಅಷ್ಟೇ.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು ವಾರ್‌ಕ್ರಾಫ್ಟ್‌ನ 'ಆರ್ಬ್ ಆಫ್ ಡಿಸೆಪ್ಷನ್'. ಅದನ್ನು ಬಳಸಿದರೆ ಎದುರು ಪಕ್ಷದವನಂತೆ ಕಾಣುತ್ತೀರಿ, ಆದರೆ ಆ ಪಕ್ಷದ ಕಾವಲುಗಾರರು ಎಂದಿನಂತೆ ಹೊಡೆಯುತ್ತಾರೆ. ತಮಾಷೆಯ ವಸ್ತುವಾಗಿ ಅದು ಸರಿ. ಲೋರ್‌ನಲ್ಲಿ ಅದನ್ನು ವೇಷ ಎಂದು ಕರೆದರೆ ಮಾತ್ರ ಕಾವಲುಗಾರನಿಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಈಗ ಕುರುಹುಗಳು. ನನ್ನ ಮಟ್ಟಿಗೆ ಇದೇ ಈ ವಿಷಯದ ಜೀವ, ಇಲ್ಲಿ ನೀವು ಹೊರಗಿನ ಆಟಗಳನ್ನು ನೋಡಬೇಕಾದ್ದೂ ಕಡಿಮೆ. ನಳನ ಕಥೆಯ ಸ್ವಯಂವರದಲ್ಲಿ ದಮಯಂತಿಯ ಮುಂದೆ ಐದು ಜನ ನಳರು ಕೂತಿದ್ದರು. ನಾಲ್ವರು ದೇವತೆಗಳ ಕಣ್ಣು ಮಿಟುಕಲಿಲ್ಲ, ಮೈ ಬೆವರಲಿಲ್ಲ, ಹೂಮಾಲೆ ಬಾಡಲಿಲ್ಲ, ಕಾಲು ನೆಲಕ್ಕೆ ತಾಗಲಿಲ್ಲ. ನಿಜವಾದ ನಳನಿಗೆ ನೆರಳಿತ್ತು, ಧೂಳು ಮೆತ್ತಿತ್ತು. ಮುಂದೆ ಅದೇ ನಳ ಕಾರ್ಕೋಟಕನ ವಿಷದಿಂದ ಕುರೂಪಿ ಬಾಹುಕನಾದಾಗ ದಮಯಂತಿ ಅವನನ್ನು ಗುರುತಿಸಿದ್ದು ಅವನು ಬೇಯಿಸಿದ ಮಾಂಸದ ರುಚಿಯಿಂದ. ಸ್ನಾತಕ ಬ್ರಾಹ್ಮಣರಾಗಿ ಬಂದ ಕೃಷ್ಣ, ಭೀಮ, ಅರ್ಜುನರ ತೋಳಿನ ಮೇಲೆ ಬಿಲ್ಲಿನ ಹೆದೆಯ ಗಾಯದ ಗುರುತನ್ನು ಜರಾಸಂಧ ನೋಡಿದ. ದೇವತೆಗಳ ಸಾಲಿನಲ್ಲಿ ಕೂತು ಅಮೃತ ಕುಡಿದ ಅಸುರನನ್ನು ಹಿಡಿದುಕೊಟ್ಟವರು ಸೂರ್ಯ, ಚಂದ್ರ.

ಈ ನಾಲ್ಕು ಘಟನೆಯಲ್ಲಿ ನಾಲ್ಕು ಬಗೆಯ ಕುರುಹು ಇದೆ: ಮೈಯ ಸ್ವಭಾವ, ಕೈಯ ಕಸುಬು, ವೃತ್ತಿಯ ಕಲೆ, ಕಂಡುಹಿಡಿಯುವ ಹಕ್ಕು ಇರುವ ಸಾಕ್ಷಿ. ಕುಲಕ್ಕೆ ಎರಡು ಕುರುಹು ಸಾಕು. ಹೆಚ್ಚಾದರೆ ಯಾರೂ ನೆನಪಿಡುವುದಿಲ್ಲ.

ಆದರೆ ಕಥೆಯಲ್ಲಿ ಚೆಂದ ಕಾಣುವ ಕುರುಹೆಲ್ಲ ತೆರೆಯ ಮೇಲೆ ಕೆಲಸ ಮಾಡುವುದಿಲ್ಲ. ನೆರಳನ್ನು ಕುರುಹಾಗಿ ಇಡಬೇಡಿ. ಕಡಿಮೆ ಬೆಲೆಯ ಫೋನಿನಲ್ಲಿ ಆಡುವವರು ಸೆಟ್ಟಿಂಗ್‌ನಲ್ಲಿ ಮೊದಲು ಆಫ್ ಮಾಡುವುದೇ ನೆರಳನ್ನು, ಅವರ ಪಾಲಿಗೆ ಎಲ್ಲರೂ ನೆರಳಿಲ್ಲದವರೇ. ಕಣ್ಣು ಮಿಟುಕುವುದು ಆರಿಂಚಿನ ತೆರೆಯಲ್ಲಿ ಕಾಣದು. ಬರೀ ಸದ್ದನ್ನು ನಂಬಿದರೆ ಲೋಕಲ್ ರೈಲಿನಲ್ಲಿ ಸದ್ದು ಮುಚ್ಚಿ ಆಡುವವನಿಗೆ ಅನ್ಯಾಯ. ಹಸಿರು–ಕೆಂಪಿನ ವ್ಯತ್ಯಾಸ ಬಣ್ಣಗುರುಡಿದ್ದವರಿಗೆ ತಿಳಿಯದು. ಗ್ರಾಫಿಕ್ಸ್ ಸೆಟ್ಟಿಂಗ್ ಏನೇ ಇರಲಿ, ಆಟ ಬರೆದೇ ತೀರುವ ವಸ್ತು ಕುರುಹಾಗಬೇಕು. ನಾಗನ ಹಿಂದೆ ಒದ್ದೆ ಹೆಜ್ಜೆ, ಕಲ್ಲುಹಾಸಿನ ಮೇಲೆ 8 ಸೆಕೆಂಡ್ ನಿಲ್ಲುವಂಥದ್ದು. ದೈತ್ಯನಿಗೆ ತೂಕ: ಮನುಷ್ಯನಂತೆ ಕಂಡರೂ ಅವನು ದೋಣಿ ಹತ್ತಿದರೆ ದೋಣಿ ಒಂದು ಗೇಣು ಹೆಚ್ಚು ಮುಳುಗುತ್ತದೆ, ಹಲಗೆ ಸೇತುವೆ ಬಾಗುತ್ತದೆ. ಎತ್ತರಕ್ಕೂ ಮಿತಿ ಹಾಕಿ. ಹತ್ತಡಿಯ ದೈತ್ಯನನ್ನು ಐದಡಿಗೆ ಇಳಿಸಿದರೆ ಹೊಡೆತ ತಾಗುವ ಚೌಕ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಆಗುತ್ತದೆ. ಬಾಣ ಗಾಳಿಯಲ್ಲಿ ಹೋದರೂ ತಾಗಿತು ಎಂದು ಪಿವಿಪಿಯಲ್ಲಿ (ಆಟಗಾರರ ನಡುವಿನ ಕಾಳಗದಲ್ಲಿ) ಜಗಳ ಶುರು. ಚೌಕವನ್ನೂ ಚಿತ್ರದ ಜೊತೆ ಇಳಿಸಿದರೆ ಎಲ್ಲ ದೈತ್ಯರೂ ಕಾಳಗದ ಹೊತ್ತಿಗೆ ಕುಳ್ಳರಾಗಿ ಬರುತ್ತಾರೆ. ಹಾಗಾಗಿ ದೈತ್ಯರ ಮುಸುಕಿಗೆ ಎತ್ತರದ ಮನುಷ್ಯರ ಒಂದು ಪ್ರತ್ಯೇಕ ಮಾದರಿಯನ್ನೇ ಮಾಡಿ, ಕಾಳಗ ಶುರುವಾದ ಕ್ಷಣ ಮುಸುಕು ಬೀಳಲಿ.

ಮಾತನ್ನೂ ಮರೆಯಬೇಡಿ. ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದಲ್ಲಿ 2004ರಲ್ಲಿ ಬಂದ 'ಮಂಕಿ ಮ್ಯಾಡ್‌ನೆಸ್' ಕ್ವೆಸ್ಟ್ ಇದನ್ನು ಅಚ್ಚುಕಟ್ಟಾಗಿ ಮಾಡಿದೆ. ಕೋತಿಗಳ ದ್ವೀಪದಲ್ಲಿ ಕೋತಿಯಾಗಿ ಓಡಾಡಲು ಗ್ರೀಗ್ರೀ ಎಂಬ ತಾಯತ ಬೇಕು, ಕೋತಿಗಳ ಜೊತೆ ಮಾತಾಡಲು ಬೇರೆಯೇ ಒಂದು ಪದಕ ಬೇಕು. ಗ್ರೀಗ್ರೀ ಕೂರುವುದು ಆಯುಧದ ಜಾಗದಲ್ಲಿ. ತೆಗೆದಿಟ್ಟರೆ ಆ ಕ್ಷಣ ಮನುಷ್ಯ. ವೇಷಕ್ಕೆ ತೆರಬೇಕಾದ ಬೆಲೆ ಏನೆಂದು ಅಲ್ಲಿ ಯಾರೂ ವಿವರಿಸಬೇಕಿಲ್ಲ, ಖಾಲಿಯಾದ ಕೈಯೇ ಹೇಳುತ್ತದೆ. ನಿಮ್ಮಲ್ಲೂ ಮುಸುಕಿಗೆ ಒಂದು ಜಾಗ ಕೊಡಿ, ಎಡಗೈ ಇರಲಿ. ಗುರಾಣಿ ಬೇಕಾದವನಿಗೆ ಮುಸುಕಿಲ್ಲ.

ಕಾವಲುಗಾರ ಒಮ್ಮೆ ಹಿಡಿದು ಒಮ್ಮೆ ಬಿಡುತ್ತಾನೆ ಎಂದಿರಿ. ಒಳಗೆ ಪಗಡೆ ಉರುಳಿಸುತ್ತಿದ್ದೀರಿ ಎಂದು ಇದರ ಅರ್ಥ. ಪಗಡೆ ತೆಗೆದು ಅನುಮಾನದ ಅಳತೆ ಇಡಿ, 0ಯಿಂದ 100. ಸುಂಕದ ಕಟ್ಟೆಯ ಕಾವಲುಗಾರನಿಂದ 4 ಮೀಟರ್ ಒಳಗೆ ಇದ್ದರೆ ಸೆಕೆಂಡಿಗೆ 20 ಏರಲಿ, 4ರಿಂದ 8 ಮೀಟರ್‌ವರೆಗೆ 8 ಏರಲಿ, ಅದರಾಚೆ ಸೆಕೆಂಡಿಗೆ 10 ಇಳಿಯಲಿ. ಓಡಿದರೆ ಏರಿಕೆ ಇಮ್ಮಡಿ. ಕುರುಹು ಅವನ ಕಣ್ಣೆದುರು ಬಿದ್ದರೆ ಒಮ್ಮೆಲೇ 30. ಹತ್ತಿರ ನಿಂತವನಿಗೆ 5 ಸೆಕೆಂಡ್, ದೂರದಿಂದ ಸುತ್ತಿ ಹೋಗುವವನಿಗೆ 12 ಸೆಕೆಂಡಿನಷ್ಟು ಅವಕಾಶ. 60 ದಾಟಿದಾಗ ಕಾವಲುಗಾರ ತಲೆ ತಿರುಗಿಸಿ ಒಂದು ಮಾತಾಡಲಿ. 100 ಆದಾಗಲೂ ತಕ್ಷಣ ಕತ್ತಿ ಬೇಡ. 'ಕೈ ತೊಳೆದು ಬಾ' ಎಂದು ಮುಸುಕನ್ನು ಬಯಲು ಮಾಡುವ ಉಪ್ಪುನೀರಿನ ಕೊಳಗ ತೋರಿಸಲಿ. ಮುಂದಿನ 6 ಸೆಕೆಂಡಿನಲ್ಲಿ ತೊಳೆಯಬಹುದು, ಲಂಚ ಕೊಡಬಹುದು, ಓಡಬಹುದು. ಸಿಕ್ಕಿಬಿದ್ದದ್ದಕ್ಕೆ ಕಾರಣ ತಿಳಿದರೆ ಆಟಗಾರ ಇನ್ನೊಮ್ಮೆ ಪ್ರಯತ್ನಿಸುತ್ತಾನೆ. ತಿಳಿಯದಿದ್ದರೆ ಆಟ ಕೆಟ್ಟಿದೆ ಎನ್ನುತ್ತಾನೆ.

ವಾರ್‌ಕ್ರಾಫ್ಟ್‌ನಲ್ಲಿ 2016ರ ಲೀಜನ್ ವಿಸ್ತರಣೆಯ ಸುರಾಮಾರ್ ನಗರ ಇದಕ್ಕೆ ಹತ್ತಿರದ ಮಾದರಿ. ಆಟಗಾರರು ಮಾಯೆಯ ಬಲದಿಂದ ಆ ಊರಿನ ನೈಟ್‌ಬಾರ್ನ್ ಜನರಂತೆ ಕಾಣುತ್ತಾ ಓಡಾಡುತ್ತಿದ್ದರು. ಸಾಮಾನ್ಯರು ಸುಮ್ಮನಿರುತ್ತಿದ್ದರು, ಕೆಲವು ಕಾವಲುಗಾರರಿಗೆ ಮತ್ತು ರಾಕ್ಷಸರಿಗೆ ಮಾತ್ರ ವೇಷದಾಚೆ ಕಾಣುತ್ತಿತ್ತು. ಹೊಡೆದಾಟಕ್ಕಿಳಿದರೆ ವೇಷ ಹೋಗುತ್ತಿತ್ತು. ಯಾರು ಕಾಣಬಲ್ಲರು ಎಂಬುದು ಮೊದಲೇ ಗೊತ್ತಿದ್ದುದರಿಂದ ಬೀದಿ ಆರಿಸಿಕೊಂಡು ನಡೆಯುವುದೇ ಒಂದು ಆಟವಾಯಿತು.

ನಿಮ್ಮ ಕರಾವಳಿಗೆ ಅಂಥ ಸಾಕ್ಷಿಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಗೋವಾದ ಹಳ್ಳಿಗಳಲ್ಲಿ ಗಡಿ ಕಾಯುವ ದೇವಚಾರನ ನಂಬಿಕೆ ಇದೆ, ರಾಖಣದಾರ ಎಂದೂ ಕರೆಯುತ್ತಾರೆ. ಕೈಯಲ್ಲಿ ದೊಣ್ಣೆ, ಹೆಗಲ ಮೇಲೆ ಕಂಬಳಿ, ರಾತ್ರಿ ಊರ ಗಡಿ ಸುತ್ತುತ್ತಾನೆ. ಅವನ ಹೆಸರನ್ನೇ ಎತ್ತಿಕೊಳ್ಳಬೇಡಿ, ಜನ ಇಂದಿಗೂ ನಡೆದುಕೊಳ್ಳುವ ನಂಬಿಕೆ ಅದು. ಕಲ್ಪನೆಯನ್ನು ತೆಗೆದುಕೊಳ್ಳಿ: ಊರ ನಾಲ್ಕು ಗಡಿಗಲ್ಲಿನಲ್ಲಿ ಮಾತ್ರ ಮುಸುಕು ನಡೆಯದು, ಒಳಗೆ ಬಂದಮೇಲೆ ನಡೆಯುತ್ತದೆ. ಆಗ ವೇಷದಲ್ಲಿ ಹೊರಗಿನಿಂದ ಬರುವವನು ದಾರಿ ಬಿಟ್ಟು ಕಡಲ ಕಡೆಯಿಂದಲೋ ಸರಕಿನ ಗಾಡಿಯಲ್ಲಿ ಅಡಗಿಯೋ ಬರಬೇಕು, ಇಲ್ಲವೇ ಊರೊಳಗೆ ಒಬ್ಬನ ಸಹಾಯ ಬೇಕು.

ರಾಜನ ಪ್ರಶ್ನೆಗೆ ಬರೋಣ. ಇದಕ್ಕೆ ಮಂತ್ರವನ್ನು ದುರ್ಬಲ ಮಾಡಿದರೆ ಸಾಲದು, ಸಮಾಜವನ್ನು ಜಾಣ ಮಾಡಬೇಕು. ನೂರಾರು ವರ್ಷದಿಂದ ಮುಸುಕು ಇರುವ ನಾಡಿನಲ್ಲಿ ಯಾರೂ ಬರೀ ಮುಖ ನೋಡಿ ನಂಬುವುದಿಲ್ಲ. ಮುಖಕ್ಕೆ ಅಲ್ಲಿ ಅಧಿಕಾರವೇ ಇರುವುದಿಲ್ಲ. ಅಪ್ಪಣೆಗೆ ಮುದ್ರೆ ಬೇಕು. ಮುದ್ರೆ ಒಬ್ಬನಲ್ಲಿ, ಅದರ ಪೆಟ್ಟಿಗೆಯ ಕೀಲಿ ಇನ್ನೊಬ್ಬನಲ್ಲಿ. ದೂತರು ಒಡೆದ ನಾಣ್ಯದ ಅರ್ಧ ಹೋಳು ತರುತ್ತಾರೆ, ಇಲ್ಲಿನ ಅರ್ಧಕ್ಕೆ ಅಂಚು ಕೂಡಿದರೆ ಮಾತು ಮುಂದುವರಿಯುತ್ತದೆ. ದರ್ಬಾರಿಗೆ ಬರುವವರೆಲ್ಲ, ರಾಜನೂ ಸೇರಿ, ಹೊಸ್ತಿಲಲ್ಲಿ ಉಪ್ಪುನೀರು ಮುಟ್ಟುತ್ತಾರೆ. ಮಕ್ಕಳು ಹಿರಿಯರನ್ನು ಕಂಡರೆ ಅಂಗೈಗೆ ಅಂಗೈ ತಾಗಿಸುತ್ತಾರೆ, ಅದು ಹಿಂದೆ ಯಾಕೆ ಶುರುವಾಯಿತು ಎಂಬುದು ಅರ್ಧ ಊರಿಗೆ ಮರೆತಿದೆ. ಈ ಕೊನೆಯದನ್ನು ಎಲ್ಲೂ ವಿವರಿಸದೆ ಎನ್‌ಪಿಸಿಗಳ (ಆಟವೇ ನಡೆಸುವ ಪಾತ್ರಗಳ) ನಡವಳಿಕೆಯಲ್ಲಿ ಇಟ್ಟುಬಿಡಿ. ಗಮನಿಸಿದ ಆಟಗಾರ ತಾನೇ ಕಂಡುಕೊಂಡ ಖುಷಿಯಲ್ಲಿ ನಿಮ್ಮ ಲೋರ್ ಪುಸ್ತಕ ತೆರೆಯುತ್ತಾನೆ.

ಇದರ ಹಿಂದೆ ಒಂದು ಸೋಲೂ ಇರಲಿ. ಒಮ್ಮೆ ಒಬ್ಬ ನಾಗ ಮೂರು ತಿಂಗಳು ರಾಜನಾಗಿ ಆಳಿದ್ದ ಎಂದು ಚರಿತ್ರೆಯಲ್ಲಿ ಬರೆಯಿರಿ. ಕಾನೂನುಗಳೆಲ್ಲ ಅದಾದ ಮೇಲೆ ಬಂದವು. ಗೆಳೆಯರ ಪ್ರಶ್ನೆಗೆ 'ಏರಿದ್ದ, ಅದಕ್ಕೇ ಈ ಕೊಳಗ' ಎಂಬ ಉತ್ತರ ಸಿಗುತ್ತದೆ.

ಹಾಗೆಯೇ ಮುಸುಕು ಕಾನೂನುಬದ್ಧವಾಗಿರುವ ದಿನಗಳೂ ಬೇಕು. ಫೆಬ್ರವರಿಯ ಹೊತ್ತಿಗೆ ಪಣಜಿಯಲ್ಲಿ ಕಾರ್ನಿವಲ್, ಅದರ ಬೆನ್ನಿಗೆ ಶಿಗ್ಮೋ ಬರುವಂತೆ ನಿಮ್ಮ ಬಂದರಿನಲ್ಲೂ ವರ್ಷಕ್ಕೆ ನಾಲ್ಕು ದಿನ ಕೊಳಗ ಕವುಚಿ ಇಡಲಿ. ಆ ದಿನಗಳಲ್ಲಿ ಯಾರೂ ಯಾರನ್ನೂ ಹಿಡಿಯುವಂತಿಲ್ಲ.

ಇಷ್ಟೆಲ್ಲ ಮಾಡಿದಮೇಲೂ ವೇಷ ಬಯಲಾಗುವುದು ಹೆಚ್ಚಾಗಿ ತಂತ್ರಾಂಶದಿಂದ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಹಗಲಿನ ಕಸುಬಿಗೆ ಹತ್ತಿರದ್ದು. ಸರ್ವರ್ ಪ್ರತಿ ಆಟಗಾರನಿಗೆ ಎರಡು ದಾಖಲೆ ಇಟ್ಟುಕೊಳ್ಳಲಿ, ನಿಜರೂಪ ಮತ್ತು ತೋರುರೂಪ. ಬೇರೆಯವರ ಕ್ಲೈಂಟ್‌ಗೆ (ಅವರ ಫೋನಿನಲ್ಲಿ ಓಡುವ ಆಟಕ್ಕೆ) ಹೋಗಬೇಕಾದ್ದು ತೋರುರೂಪ ಮಾತ್ರ. ಎರಡನ್ನೂ ಕಳಿಸಿ, ಕ್ಲೈಂಟ್ ಒಂದನ್ನು ಮುಚ್ಚಿಡಲಿ ಎಂದುಕೊಂಡರೆ ಅದು ಮುಚ್ಚಿಟ್ಟದ್ದಲ್ಲ. ಕ್ಲೈಂಟ್‌ಗೆ ಬಂದದ್ದನ್ನೆಲ್ಲ ಓದಬಹುದು, ಪುಣೆಯಲ್ಲಿ ಓದಬಲ್ಲ ಹುಡುಗರಿಗೆ ಬರವೂ ಇಲ್ಲ. ಆಟಗಾರನ ಖಾಯಂ ಐಡಿಯೂ ಹೋಗಬಾರದು. ಹೋದರೆ 'ನಿನ್ನೆ ಕಂಡ ನಾಗನ ಐಡಿಯೇ ಇವತ್ತಿನ ಮನುಷ್ಯನದ್ದೂ' ಎಂದು ಒಂದು ಸಣ್ಣ ಆಡ್-ಆನ್ ಹೇಳಿಬಿಡುತ್ತದೆ. ಮುಸುಕು ಹಾಕುವಾಗ ತಾತ್ಕಾಲಿಕ ಐಡಿ ಕೊಡಿ, ಬೇರೆ ಆಟಗಾರರ ಕಣ್ಣೆದುರು ಹಾಕಲು ಬಿಡಬೇಡಿ. 20 ಮೀಟರ್ ಒಳಗೆ ಯಾರಾದರೂ ಇದ್ದರೆ ಮಂತ್ರ ನಡೆಯದು ಎಂದರೆ ಲೋರ್‌ಗೂ ಅದು ಒಪ್ಪುತ್ತದೆ.

ಆಮೇಲೆ ಸಣ್ಣಪುಟ್ಟ ಸೋರಿಕೆಗಳು. ತಲೆಯ ಮೇಲಿನ ಹೆಸರು, ಗಿಲ್ಡ್ (ಆಟಗಾರರ ಸಂಘ) ಪಟ್ಟಿ, ಜೊತೆಯಲ್ಲಿ ನಡೆವ ಸಾಕುಪ್ರಾಣಿ, ಸವಾರಿ, ಬಫ್‌ನ (ಮಂತ್ರದಿಂದ ಬಂದ ತಾತ್ಕಾಲಿಕ ಬಲದ) ಚಿಹ್ನೆ, ಕಾಳಗದ ದಾಖಲೆ, ಚಾಟ್‌ನಲ್ಲಿ ಹೆಸರು, ಸ್ನೇಹಿತರ ಪಟ್ಟಿಯಲ್ಲಿ ಇರುವ ಊರು. ಒಂದೊಂದನ್ನೂ ಎರಡು ಫೋನ್ ಪಕ್ಕಪಕ್ಕ ಇಟ್ಟು ಪರೀಕ್ಷಿಸಿ. ಎಲ್ಲರೂ ಮರೆಯುವುದು ಪೂರ್ಣ ಪ್ರಾಣಶಕ್ತಿಯ ಅಂಕ: ಮನುಷ್ಯನಂತೆ ಕಾಣುವವನ ಪಟ್ಟಿಯಲ್ಲಿ ದೈತ್ಯನ 900 ಇದ್ದರೆ ವೇಷದ ಕಥೆ ಅಲ್ಲಿಗೆ ಮುಗಿಯಿತು. ಹೊರಗೆ ಶೇಕಡಾವಾರು ಮಾತ್ರ ತೋರಿಸಿ. ಮುಸುಕಿನಲ್ಲಿ ತೋರುವ ಹೆಸರಿಗಾಗಿ ಪ್ರತಿ ಕುಲಕ್ಕೆ ನೂರಿನ್ನೂರು ಹೆಸರಿನ ಪಟ್ಟಿ ಮಾಡಿ, ನೋಂದಣಿಯಾದ ಆಟಗಾರರ ಹೆಸರು ಅದರಲ್ಲಿ ಇರದಂತೆ ನೋಡಿಕೊಳ್ಳಿ. ನಿಜವಾದ ಇನ್ನೊಬ್ಬ ಆಟಗಾರನ ರೂಪ ಮತ್ತು ಹೆಸರು ತಾಳಲು ಮಾತ್ರ ಎಂದೂ ಬಿಡಬೇಡಿ. ಸರಕು ಬದಲಾಯಿಸುವಾಗ ಮೋಸ ನಡೆಯುತ್ತದೆ, ದೂರು ನಿಮ್ಮ ಬಾಗಿಲಿಗೆ ಬರುತ್ತದೆ, ಲೋರ್ ಆಗ ಉತ್ತರ ಕೊಡುವುದಿಲ್ಲ. ಹಾಗಾಗಿಯೇ ವ್ಯಾಪಾರದ ಕಿಟಕಿ ತೆರೆದಾಗ ಮುಸುಕು ತಾನಾಗಿ ಇಳಿಯಲಿ.

ಸ್ಕಿನ್ ವಿಷಯ ಬೇಗ ಮುಗಿಯುತ್ತದೆ. ಉಡುಪು ಬೇರೆ, ಮುಸುಕು ಬೇರೆ ಎಂದು ಲೋರ್‌ನಲ್ಲೇ ಗೆರೆ ಎಳೆಯಿರಿ. ವಾರ್‌ಕ್ರಾಫ್ಟ್ 2011ರಲ್ಲಿ ಉಡುಪಿನ ನೋಟ ಬದಲಿಸುವ ಟ್ರಾನ್ಸ್‌ಮಾಗ್ ತಂದಾಗ ಆ ಕೆಲಸವನ್ನು ಎಥೀರಿಯಲ್ ಎಂಬ ವ್ಯಾಪಾರಿ ಜನಾಂಗಕ್ಕೆ ವಹಿಸಿತು. ಫೈನಲ್ ಫ್ಯಾಂಟಸಿ 14ರಲ್ಲಿ 2014ರಿಂದ ಅದೇ ಬಗೆಯ ಗ್ಲಾಮರ್‌ಗೆ ಪ್ರಿಸ್ಮ್ ಎಂಬ ವಸ್ತು ಬೇಕಾಯಿತು. ಎರಡರಲ್ಲೂ ಬದಲಾಗುವುದು ಕವಚ–ಆಯುಧದ ನೋಟ, ಕುಲ ಬದಲಾಗದು. ನಿಮ್ಮ ಅಂಗಡಿಯೂ ಅಷ್ಟನ್ನೇ ಮಾರಲಿ. ದೂರದಿಂದ ಕಂಡ ಆಕೃತಿಯಲ್ಲಿ ಕುಲ ತಿಳಿಯದಂತೆ ಮಾಡುವ ಸ್ಕಿನ್ ಮಾರಿದ ದಿನ, ಮಂತ್ರ ಕಲಿತವನ ಶ್ರಮಕ್ಕೆ ಬೆಲೆ ಹೋಗುತ್ತದೆ. ಅಂಥ ಚಿತ್ರವಿಚಿತ್ರ ವೇಷಗಳಿಗೆ ಹಬ್ಬದ ನಾಲ್ಕು ದಿನ ಇದ್ದೇ ಇದೆಯಲ್ಲ.

ಉಳಿದದ್ದು ಅಂಚಿನ ಪ್ರಸಂಗಗಳು. ಸತ್ತರೆ ಮುಸುಕು ಬೀಳುತ್ತದೆ, ಶವ ನಿಜರೂಪದ್ದು. ಲಾಗ್‌ಔಟ್ ಆದರೂ ಬೀಳುತ್ತದೆ, ಇಲ್ಲದಿದ್ದರೆ ಸುಂಕದ ಕಟ್ಟೆಯೊಳಗೆ ಲಾಗ್‌ಔಟ್ ಆಗಿ ರಾತ್ರಿ ಎದ್ದು ಬರುವವರು ಹೆಚ್ಚುತ್ತಾರೆ. ಅವಧಿ 10 ನಿಮಿಷ, ಕೂಲ್‌ಡೌನ್ (ಮತ್ತೆ ಹಾಕಲು ಕಾಯಬೇಕಾದ ಹೊತ್ತು) 15 ನಿಮಿಷದಿಂದ ಶುರು ಮಾಡಿ. ಲೆಕ್ಕ ಸರ್ವರ್‌ನ ಗಡಿಯಾರದಲ್ಲಿ ನಡೆಯಲಿ. ತನ್ನ ತಂಡದವರಿಗೆ ಮೂಲೆಯಲ್ಲೊಂದು ಸಣ್ಣ ಗುರುತು ಕಾಣಲಿ, ಇಲ್ಲದಿದ್ದರೆ ಗೆಳೆಯರೇ ಹೊಡೆಯುತ್ತಾರೆ. ಇಬ್ಬರು ಮುಸುಕಿನವರು ಎದುರಾದರೆ ಇಬ್ಬರಿಗೂ ತೋರುರೂಪವೇ ಕಾಣಲಿ, ವಿನಾಯಿತಿ ಬೇಡ.

ಕ್ವೆಸ್ಟ್‌ಗಳಲ್ಲಿ ಮಾತ್ರ ಎಚ್ಚರ. ನಿಮ್ಮ ಹಳೆಯ ಪರಿಚಯದ ಎನ್‌ಪಿಸಿ ಮುಸುಕಿನಲ್ಲಿ ಬಂದ ನಿಮ್ಮನ್ನು ಹೆಸರು ಹಿಡಿದು ಕರೆದರೆ ಅಷ್ಟೂ ಲೋರ್ ನೀರಿಗೆ ಹೋಯಿತು. ಪ್ರತಿ ಎನ್‌ಪಿಸಿಗೂ ಮೂರರಲ್ಲಿ ಒಂದು ಚೀಟಿ ಅಂಟಿಸಿ: 'ಗುರುತಿಸುವುದಿಲ್ಲ', 'ಗುರುತಿಸುತ್ತಾನೆ, ಆದರೆ ಸುಮ್ಮನಿರುತ್ತಾನೆ', 'ಗುರುತಿಸಿ ಕೂಗುತ್ತಾನೆ'. ಮೊದಲನೆಯವರ ಜೊತೆ ಹಳೆಯ ಕ್ವೆಸ್ಟ್ ಮುಂದುವರಿಸಲು ಒಂದು ಸಂಕೇತದ ಮಾತು ಇರಲಿ, ಇಲ್ಲವಾದರೆ ಆಟಗಾರ ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಎರಡನೇ ಚೀಟಿಯವರು ಇಡೀ ಊರಿಗೆ ಐದಾರು ಜನ ಸಾಕು. ಅವರಲ್ಲಿ ಒಬ್ಬಳು ಮೀನು ಮಾರುವ ಮುದುಕಿಯಾಗಿರಲಿ, ಒದ್ದೆ ಹೆಜ್ಜೆಯ ನಡುವೆ ಕೂತೇ ಜೀವಮಾನ ಕಳೆದವಳಿಗೆ ನಾಗನ ಹೆಜ್ಜೆ ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ.